ಮದರ್‌ಬೋರ್ಡ್ ಬದಲಿಸಿದರೆ ವಿಂಡೋಸ್ ಮತ್ತೆ ಹಾಕಿಸಬೇಕಾ?

ಕಡ್ಡಾಯವಲ್ಲ. ಅದೇ ಮಾಡೆಲ್ ಬೋರ್ಡ್ ಆದರೆ ವಿಂಡೋಸ್ 10, 11 ಸಾಮಾನ್ಯವಾಗಿ ಹಾಗೇ ಆನ್ ಆಗುತ್ತದೆ. ಬೇರೆ ಮಾಡೆಲ್ ಹಾಕಿಸಿ, ಪದೇಪದೇ ಹ್ಯಾಂಗ್ ಆದರೆ ಮಾತ್ರ ಹೊಸದಾಗಿ ಹಾಕಿಸಿ. ಅಮೆರಿಕದ ಓಕ್ಲ್ಯಾಂಡ್‌ನ ಟೆಕ್ ಎಕ್ಸ್‌ಚೇಂಜ್ ಸಂಸ್ಥೆ ದಾನವಾಗಿ ಬಂದ ಕಂಪ್ಯೂಟರ್‌ಗಳನ್ನು ಸರಿಪಡಿಸಿ ಕಡಿಮೆ ಆದಾಯದ ಕುಟುಂಬಗಳಿಗೆ ತಲುಪಿಸುತ್ತದೆ. ಹೀಗೆ ಕೈ ಬದಲಾಗುವ ಕಂಪ್ಯೂಟರಿಗೆ ಡಿಸ್ಕ್ ಅಳಿಸಿ ಹೊಸದಾಗಿ ಹಾಕುವುದೇ ಸರಿ. ನಿಮ್ಮದೇ ಕಂಪ್ಯೂಟರಿಗೆ ಆ ಅವಸರ ಬೇಡ.

ಅಂಗಡಿಗೆ ಕೊಡುವ ಮುಂಚೆ ಪಾಸ್‌ಪೋರ್ಟ್, ವೀಸಾ ಪ್ರತಿ, ಮಕ್ಕಳ ಫೋಟೋ ಬೇರೆ ಡ್ರೈವ್‌ಗೆ ಕಾಪಿ ಮಾಡಿ. ಬಿಟ್‌ಲಾಕರ್ ಆನ್ ಇದ್ದರೆ 48 ಅಂಕಿಯ ರಿಕವರಿ ಕೀ ಬರೆದಿಡಿ. ಬೋರ್ಡ್ ಬದಲಾದ ಮೇಲೆ ಅದನ್ನು ಕೇಳುತ್ತದೆ, ಇಲ್ಲದಿದ್ದರೆ ಡಿಸ್ಕ್ ತೆರೆಯದು. ಕಂಪ್ಯೂಟರ್ ಜತೆಗೇ ಬಂದ ಲೈಸೆನ್ಸ್ ಹಳೇ ಬೋರ್ಡಿಗೆ ಸೇರಿದ್ದು, ಹೊಸದು ಕೊಳ್ಳಬೇಕಾಗಬಹುದು. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿದು ರಿಪೇರಿಗೆ ಒಪ್ಪಿ.