ಶಕವರ್ಷ ಬಿಟ್ಟು ವಿಕ್ರಮವರ್ಷ

ಇದು ಹೂವಿನಹಡಗಲಿಯ ಕೇಶವಸ್ವಾಮಿ ದೇಗುಲ. ಕಲ್ಯಾಣ ಚಾಲುಕ್ಯರ ಆರನೇ ವಿಕ್ರಮಾದಿತ್ಯನ ದಂಡನಾಯಕ ರವಿದೇವನ ಮಡದಿ ರೆಬ್ಬಲದೇವಿ ಇದನ್ನು ಕ್ರಿ.ಶ. 1090ರ ಹೊತ್ತಿಗೆ ಕಟ್ಟಿಸಿದಳು. ಕಲ್ಲು ನುಣುಪಾದ ಬಳಪದ್ದು. ಬಾಗಿಲವಾಡದ ಕುಸುರಿ ಕೆತ್ತನೆಯನ್ನು ಹತ್ತಿರ ನಿಂತು ನೋಡಿ, ಅವಸರ ಬೇಡ.

1076ರಲ್ಲಿ ಪಟ್ಟವೇರಿದ ಈ ವಿಕ್ರಮಾದಿತ್ಯ ಅದುವರೆಗೆ ಬಳಕೆಯಲ್ಲಿದ್ದ ಶಕವರ್ಷವನ್ನು ಬದಿಗಿಟ್ಟು ತನ್ನದೇ ಹೆಸರಿನ ವರ್ಷವನ್ನು ಬಳಕೆಗೆ ತಂದ. ದಿಟ್ಟ ಹೆಜ್ಜೆಯೇ ಸರಿ. ನಳ ಸಂವತ್ಸರ ಈ ಹೊಸ ಎಣಿಕೆಯ ಮೊದಲ ವರ್ಷ. ಬದಲಾದದ್ದು ವರ್ಷದ ಎಣಿಕೆ ಮಾತ್ರ. ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳು ಹಿಂದಿನಂತೆಯೇ ಉಳಿದವು.

ಆ ಕಾಲದ ಶಾಸನಗಳಲ್ಲಿ ‘ಚಾಲುಕ್ಯ ವಿಕ್ರಮವರ್ಷ’ ಎಂದಿದ್ದರೆ, ಕ್ರಿ.ಶ. ವರ್ಷ ತಿಳಿಯಲು ಮುಂದಿನ ಅಂಕಿಗೆ 1075 ಕೂಡಿಸಿ. 15ನೇ ವರ್ಷವೆಂದರೆ 1090, ಈ ದೇಗುಲ ಕಟ್ಟಿಸಿದ ಹೊತ್ತು.

ಚಾಲುಕ್ಯರ ಆಳ್ವಿಕೆ ಮುಗಿದ ಮೇಲೆ ಶಕವರ್ಷವೇ ಮತ್ತೆ ನೆಲೆಯಾಯಿತು. 1957ರಿಂದ ಭಾರತದ ರಾಷ್ಟ್ರೀಯ ಪಂಚಾಂಗವೂ ಅದನ್ನೇ ಅನುಸರಿಸುತ್ತಿದೆ.