ಕಸರತ್ತು ಮತ್ತು ಖುರಾಕು

ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಗರಡಿಮನೆಗಳಲ್ಲಿ ಎರಡು ಮಾತು ಜೋಡಿಯಾಗಿಯೇ ಬರುತ್ತವೆ: ಕಸರತ್ತು ಮತ್ತು ಖುರಾಕು. ದಂಡ, ಬಸ್ಕಿ ಹೊಡೆಯುವುದು ಕಸರತ್ತು. ಹಾಲು, ತುಪ್ಪ, ಅರೆದ ಬಾದಾಮಿ ಖುರಾಕು. ನೆರೆಯ ಕೊಲ್ಲಾಪುರದಲ್ಲಿ ಶಾಹೂ ಮಹಾರಾಜರು (1874–1922) ಕುಸ್ತಿಗೆ ಆಶ್ರಯ ಕೊಟ್ಟರು. ಆ ಗಾಳಿ ನಮ್ಮ ಸೀಮೆಗೂ ಬೀಸಿತು. ಬಡವರ ಮನೆಯ ಹುಡುಗನಿಗೆ ಕುಸ್ತಿಯಲ್ಲಿ ದುಬಾರಿಯಾದದ್ದು ಕಸರತ್ತಲ್ಲ, ಖುರಾಕು. ಹೊಟ್ಟೆಗೆ ಬೀಳದಿದ್ದರೆ ಸಾಮು ಮಾಡಿ ಉಪಯೋಗವಿಲ್ಲ ಎಂಬುದು ಗರಡಿಯ ಉಸ್ತಾದನಿಗೆ ಗೊತ್ತಿತ್ತು.

ಇದೇ ತಿಳಿವಳಿಕೆ ಅಡಿಗೆಮನೆಯ ಹೊಸ್ತಿಲು ದಾಟಲಿಲ್ಲ. ನಮ್ಮ ಅಜ್ಜಿ ಬೆಳಗಿನ ಜಾವ ಬೀಸುಕಲ್ಲಿಗೆ ಕೂಡುತ್ತಿದ್ದಳು. ಆಮೇಲೆ ನೀರಿನ ಕೊಡ, ರೊಟ್ಟಿ ಬಡಿಯುವುದು, ಹೊಲದ ಕಳೆ. ಯಾವ ಪೈಲ್ವಾನನಿಗೂ ಕಡಿಮೆಯಿಲ್ಲದ ಕಸರತ್ತು ಅದು. ಉಣ್ಣುವುದು ಮಾತ್ರ ಎಲ್ಲರ ಕೊನೆಗೆ: ರೊಟ್ಟಿ, ಖಾರ, ಉಳಿದಿದ್ದರೆ ಪಲ್ಯ. ಅವಳಿಗೆ ಖುರಾಕು ಸಿಕ್ಕಿದ್ದು ಬಾಣಂತನದಲ್ಲಷ್ಟೇ. ಕರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಬೆಲ್ಲ ಸೇರಿದ ಅಂಟಿನ ಉಂಡಿ. ಗೋಕಾಕದ ಹೆಸರನ್ನು ಊರೂರಿಗೆ ಒಯ್ದ ಕರದಂಟು ಇದರ ಒಡಹುಟ್ಟಿದ್ದೇ.

ದುಡಿಮೆ ಊಟದ ಕೊರತೆಯನ್ನು ತುಂಬದು ಎಂಬುದಕ್ಕೆ ಆಧಾರ ಸಿಕ್ಕಿದ್ದು ಗಿರಣಿಗಳ ಕಾಲದಲ್ಲಿ. 1887ರಲ್ಲಿ ಗೋಕಾಕ ಫಾಲ್ಸ್‌ನಲ್ಲಿ ನೀರಿನ ಬಲದಿಂದ ನೂಲಿನ ಗಿರಣಿ ಶುರುವಾಯಿತು. ನಮ್ಮ ಜಿಲ್ಲೆ ಆಗ ಮುಂಬಯಿ ಪ್ರಾಂತದಲ್ಲಿತ್ತು. ಆ ಮುಂಬಯಿಗೆ 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬಂದರು. ಗಿರಣಿಗಳಲ್ಲಿ ದುಡಿಯುತ್ತಿದ್ದ ಬಸುರಿಯರನ್ನು ಕಾಡುತ್ತಿದ್ದ ಕಡು ರಕ್ತಹೀನತೆಯ ಕಾರಣ ಹುಡುಕುವುದು ಅವರ ಕೆಲಸ. ಅವರು ರೋಗಾಣುವನ್ನಷ್ಟೇ ಅಲ್ಲ, ಈ ಹೆಂಗಸರ ತಾಟನ್ನೂ ನೋಡಿದರು. ತಪ್ಪು ಅಲ್ಲಿಯೇ ಇತ್ತು. ಯೀಸ್ಟಿನ ಸಾರ ಕೊಟ್ಟಾಗ ರೋಗಿಗಳು ಚೇತರಿಸಿಕೊಂಡರು. 1931ರಲ್ಲಿ ಅವರು ಇದನ್ನು ಪ್ರಕಟಿಸಿದರು. ಆ ಸಾರದಲ್ಲಿ ಅಡಗಿದ್ದ ಸತ್ವವನ್ನು 1941ರಲ್ಲಿ ಪಾಲಕ ಸೊಪ್ಪಿನಿಂದ ಬೇರ್ಪಡಿಸಿ ಫೋಲಿಕ್ ಆಮ್ಲವೆಂದು ಕರೆದರು. ಇಂದು ಬಸುರಿಯರಿಗೆ ಕಬ್ಬಿಣದ ಜೊತೆ ಕೊಡುವ ಗುಳಿಗೆಯಲ್ಲಿರುವುದು ಅದೇ.

ಈಗ ಬೀಸುಕಲ್ಲು ಮೂಲೆ ಸೇರಿದೆ. ನಮ್ಮ ಊರುಗಳ ಹೆಂಗಸರು ನಸುಕಿನಲ್ಲಿ ಬೂಟು ಹಾಕಿಕೊಂಡು ನಡೆಯುತ್ತಾರೆ. ಒಳ್ಳೆಯದೇ. ನಡಿಗೆ ಎದೆಗೆ, ಎಲುಬಿಗೆ ಹಿತ; ಸಕ್ಕರೆ ಕಾಯಿಲೆಯನ್ನೂ ಹದ್ದಿನಲ್ಲಿಡುತ್ತದೆ. ಆದರೆ ಅರ್ಧ ತಾಸು ನಡೆದರೆ ಕರಗುವುದು ಸುಮಾರು 100ರಿಂದ 150 ಕ್ಯಾಲೊರಿ. ಕರದಂಟಿನ ಒಂದೆರಡು ತುಂಡಿಗೆ ಲೆಕ್ಕ ಚುಕ್ತಾ. ಇನ್ನು ತಾಟಿನಲ್ಲಿಲ್ಲದ ಕಬ್ಬಿಣವನ್ನು ಯಾವ ನಡಿಗೆಯೂ ರಕ್ತಕ್ಕೆ ತರದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು 48 ಮಂದಿಗೆ ರಕ್ತಹೀನತೆ. ಇವರೆಲ್ಲ ಮೈ ಬಗ್ಗಿಸದೆ ಕುಳಿತವರೇನಲ್ಲ.

ನುಗ್ಗಿಸೊಪ್ಪು, ಮೆಂತ್ಯಸೊಪ್ಪು, ಮೊಳಕೆ ಬಂದ ಮಡಕಿಕಾಳು ನಮ್ಮ ಸಂತೆಗೆ ಹೊಸವಲ್ಲ. ಮೇಲೊಂದಿಷ್ಟು ನಿಂಬೆರಸ ಹಿಂಡಿದರೆ ಅವುಗಳ ಕಬ್ಬಿಣ ಮೈಗೆ ಚೆನ್ನಾಗಿ ಹತ್ತುತ್ತದೆ; ಉಂಡ ಕೂಡಲೇ ಚಹಾ ಕುಡಿದರೆ ಅದು ದಕ್ಕುವುದು ಕಡಿಮೆ. ಇವಕ್ಕಿಂತ ಮೊದಲು ಬೇಕಾದ ಬದಲಾವಣೆ ಇನ್ನೊಂದಿದೆ. ಪಲ್ಯದ ಬೋಗುಣಿ ಖಾಲಿಯಾಗುವ ಮೊದಲೇ, ಮನೆಮಂದಿಯ ಸಾಲಿನಲ್ಲಿ ನಾವೂ ತಾಟು ಇಟ್ಟುಕೊಂಡು ಕೂಡಬೇಕು. ಗರಡಿಯವರು ತಮ್ಮ ಹುಡುಗರಿಗೆ ಒಪ್ಪಿದ ಹಕ್ಕನ್ನೇ ನಾವು ನಮಗೆ ಕೇಳಿಕೊಳ್ಳುತ್ತಿರುವುದು.