ಕಾಂಗ್ರೆಸ್ ಗಿಡ: ಸಸ್ಯವೊಂದು ಆಕ್ರಮಣಕಾರಿ ಆಗುವುದು ಹೇಗೆ?

ಮುಂಗಾರಿನ ನಾಲ್ಕು ಹನಿ ಬಿದ್ದರೆ ಸಾಕು, ಖಾಲಿ ನಿವೇಶನ, ರೈಲು ಹಳಿಯ ಬದಿ, ಹೊಲದ ಬದುಗಳಲ್ಲಿ ಕ್ಯಾರೆಟ್ ಸೊಪ್ಪನ್ನು ಹೋಲುವ ಗಿಡವೊಂದು ಸೊಂಟದೆತ್ತರ ಬೆಳೆದು ನಿಲ್ಲುತ್ತದೆ. ಸಸ್ಯಶಾಸ್ತ್ರದಲ್ಲಿ ಇದು ಪಾರ್ಥೇನಿಯಂ ಹಿಸ್ಟೆರೋಫೋರಸ್. ಜನರ ಬಾಯಲ್ಲಿ ಕಾಂಗ್ರೆಸ್ ಗಿಡ. ಇದರ ಬಿಳಿ ಹೂಗಳು ಕಾಂಗ್ರೆಸ್ಸಿಗರ ಟೋಪಿಯನ್ನು ನೆನಪಿಸುವುದರಿಂದ ಈ ಹೆಸರು ಬಂತೆಂದು ಹೇಳುವುದುಂಟು.

ಹೊರನಾಡಿನಿಂದ ಬಂದ ಮಾತ್ರಕ್ಕೆ ಸಸ್ಯವೊಂದು ಆಕ್ರಮಣಕಾರಿ ಎನಿಸುವುದಿಲ್ಲ. ಮೆಣಸಿನಕಾಯಿ, ಆಲೂಗಡ್ಡೆ, ಟೊಮೆಟೊಗಳು ಅಮೆರಿಕ ಖಂಡಗಳಿಂದ ಬಂದವು. ನಮ್ಮದೇ ಎಂದು ಭಾವಿಸುವ ರಾಗಿಯ ತವರು ಆಫ್ರಿಕ. ಇವ್ಯಾವುವೂ ರೈತನ ಆರೈಕೆಯಿಲ್ಲದೆ ಊರನ್ನು ಆವರಿಸಿದ ಉದಾಹರಣೆಯಿಲ್ಲ. ಹೊಸ ನೆಲದಲ್ಲಿ ಯಾರೂ ಬಿತ್ತದೆ ತಾನೇ ಹರಡುವುದು, ಹರಡಿದಲ್ಲಿ ಇತರ ಜೀವಿಗಳಿಗೆ ಹಾನಿ ಮಾಡುವುದು: ಇವೆರಡೂ ಕೂಡಿದಾಗಲಷ್ಟೇ ತಜ್ಞರು ಈ ಪದವನ್ನು ಬಳಸುತ್ತಾರೆ. 1992ರ ಜೀವವೈವಿಧ್ಯ ಒಪ್ಪಂದದ 8ನೇ ವಿಧಿಯೂ ಪರಿಸರ ವ್ಯವಸ್ಥೆಗೆ ಅಪಾಯ ಒಡ್ಡುವ ಅನ್ಯ ಪ್ರಭೇದಗಳನ್ನಷ್ಟೇ ತಡೆಯಬೇಕೆನ್ನುತ್ತದೆ. ಅನ್ಯ ಪ್ರಭೇದಗಳೆಲ್ಲವನ್ನೂ ಅಲ್ಲ.

ಪಾರ್ಥೇನಿಯಂ ಈ ಎರಡೂ ಲಕ್ಷಣಗಳನ್ನು ಧಾರಾಳವಾಗಿ ಹೊಂದಿದೆ. ಉಷ್ಣವಲಯದ ಅಮೆರಿಕ ಮೂಲದ ಈ ಕಳೆ ಭಾರತದಲ್ಲಿ ಗಮನ ಸೆಳೆದದ್ದು 1950ರ ದಶಕದ ಮಧ್ಯದಲ್ಲಿ, ಪುಣೆಯಲ್ಲಿ. ಆಮದು ಗೋಧಿಯೊಡನೆ ಬಂತೆಂಬುದು ಪ್ರಚಲಿತ ನಂಬಿಕೆ. ಮೊಳೆತು ನಾಲ್ಕರಿಂದ ಆರು ವಾರಗಳಲ್ಲೇ ಹೂ ಬಿಡುವ ಒಂದು ದೊಡ್ಡ ಗಿಡ 15,000ಕ್ಕೂ ಹೆಚ್ಚು ಬೀಜಗಳನ್ನು ಉದುರಿಸಬಲ್ಲದು. ಗಾಳಿ, ಮಳೆನೀರು, ಲಾರಿಯ ಚಕ್ರಕ್ಕಂಟಿದ ಕೆಸರು ಇವುಗಳ ವಾಹನ. ಗಿಡ ಹೊರಸೂಸುವ ರಾಸಾಯನಿಕಗಳು ಅಕ್ಕಪಕ್ಕದ ಸಸ್ಯಗಳು ಮೊಳೆಯುವುದನ್ನೇ ತಡೆಯುತ್ತವೆ. ದನಕರು ಸಾಮಾನ್ಯವಾಗಿ ಇದನ್ನು ಮುಟ್ಟವು. ಹಸಿದು ತಿಂದರೆ ಹಾಲು ಕಹಿಯಾಗುತ್ತದೆ. ತವರಿನಲ್ಲಿ ಇದನ್ನು ಹತೋಟಿಯಲ್ಲಿಡುವ ಕೀಟಗಳು ಮಾತ್ರ ಇದರ ಜೊತೆಗೆ ಬರಲಿಲ್ಲ.

ಮನುಷ್ಯರಿಗೆ ಇದರ ಕಾಟ ಚರ್ಮದಿಂದ ಆರಂಭವಾಗುತ್ತದೆ. ಪಾರ್ಥೇನಿನ್ ಎಂಬ ಅಂಶದಿಂದ ಕೆಲವರ ಮುಖ, ಕತ್ತು, ಕೈಗಳಲ್ಲಿ ಉಗ್ರ ತುರಿಕೆ, ಇಸುಬು ಕಾಣಿಸಿಕೊಂಡು ವರ್ಷಗಟ್ಟಲೆ ಬಿಡದೆ ಕಾಡುವುದುಂಟು. ಪರಾಗದಿಂದ ನೆಗಡಿ, ಉಬ್ಬಸ. ಪದೇ ಪದೇ ಸಂಪರ್ಕಕ್ಕೆ ಬಂದಷ್ಟೂ ಅಲರ್ಜಿಯ ಸಂಭವ ಹೆಚ್ಚು. ಹೀಗಿರುವಾಗ ಪೌರಕಾರ್ಮಿಕರಿಂದ, ಶಾಲಾ ಮಕ್ಕಳಿಂದ ಬರಿಗೈಯಲ್ಲಿ ಕೀಳಿಸುವ ‘ಶ್ರಮದಾನ’ಗಳು ರೋಗವನ್ನು ಕೈಯಾರೆ ಹಂಚಿದಂತೆಯೇ ಸರಿ.

ಬಿಟ್ಟುಬಂದ ಶತ್ರುವನ್ನೇ ಕರೆತರುವ ಯತ್ನವೂ ನಡೆಯಿತು. ಮೆಕ್ಸಿಕೊದಿಂದ ತರಿಸಿದ ಜೈಗೋಗ್ರಾಮಾ ಎಂಬ ಎಲೆ ತಿನ್ನುವ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡುಗಡೆ ಮಾಡಲಾಯಿತು. ಮಳೆಗಾಲದಲ್ಲಿ ಅದು ಗಿಡಗಳನ್ನು ಬೋಳು ಮಾಡಿತು. ಆದರೆ 1990ರ ದಶಕದ ಆರಂಭದಲ್ಲಿ ಸೂರ್ಯಕಾಂತಿ ಎಲೆಗಳ ಮೇಲೂ ಕಾಣಿಸಿಕೊಂಡಾಗ ರೈತರಲ್ಲಿ ಕಳವಳ ಮೂಡಿತು. ಎಲೆಗಳ ಮೇಲೆ ಬಿದ್ದ ಪಾರ್ಥೇನಿಯಂ ಪರಾಗವೇ ದುಂಬಿಯನ್ನು ಸೆಳೆದಿತ್ತೆಂಬುದು ಅಧ್ಯಯನದಿಂದ ತಿಳಿಯಿತು. ಒಣಹವೆಯಲ್ಲಿ ದುಂಬಿ ಮಣ್ಣು ಸೇರುತ್ತದೆ. ಗಿಡಕ್ಕೆ ತುಸು ತೇವವಿದ್ದರೂ ಸಾಕು.

ಹೂ ಬಿಡುವ ಮುನ್ನ, ನೆಲ ಹಸಿಯಿದ್ದಾಗ, ಕೈಗವಸು ತೊಟ್ಟು ಬೇರುಸಹಿತ ಕೀಳುವುದು ಇಂದಿಗೂ ಭರವಸೆಯ ಮಾರ್ಗ. ಹೂ ಬಿಟ್ಟ ಮೇಲೆ ಕಿತ್ತು ರಸ್ತೆಬದಿಗೆ ಎಸೆದರೆ ಬೀಜ ಅಲ್ಲಿಯೇ ಉದುರುತ್ತದೆ. ಮಣ್ಣಿನಡಿ ಉಳಿದ ಬೀಜಗಳು ಕೆಲವು ವರ್ಷ ಜೀವಂತವಾಗಿರುವ ಕಾರಣ, ಒಮ್ಮೆ ಕಿತ್ತ ನಿವೇಶನವನ್ನು ಮುಂದಿನ ಮಳೆಗಳಲ್ಲಿಯೂ ಗಮನಿಸಬೇಕಾಗುತ್ತದೆ.